ಶಹಾಪುರದ ಪೇಟಿ ಅಂಗಡಿ: ಹಾಡುವ ಮಕ್ಕಳ ಮೊದಲ ವಾದ್ಯಕ್ಕೆ ನಂಬಬಹುದಾದ ಜಾಗ

ಬೆಳಗಾವಿಯ ಶಹಾಪುರ ಭಾಗದಲ್ಲಿ ಹಾರ್ಮೋನಿಯಂ (ನಮ್ಮ ಕಡೆ ಇದಕ್ಕೆ ‘ಪೇಟಿ’ ಎನ್ನುತ್ತಾರೆ) ಮಾರುವ, ದುರಸ್ತಿ ಮಾಡುವ, ನಾಟಕ ಮತ್ತು ಭಜನೆಗಳಿಗೆ ಬಾಡಿಗೆಗೂ ಕೊಡುವ ಒಂದು ಚಿಕ್ಕ ಅಂಗಡಿಯಿದೆ. ಹೊರಗೆ ಎದ್ದು ಕಾಣುವ ಫಲಕವಿಲ್ಲ. ಸುತ್ತಲಿನ ಗಲ್ಲಿಗಳಲ್ಲಿ ‘ಪೇಟಿ ಅಜ್ಜಾರ ಅಂಗಡಿ’ ಎಲ್ಲಿ ಎಂದು ಕೇಳಿದರೆ ಯಾರಾದರೂ ಕೈ ಮಾಡಿ ತೋರಿಸುತ್ತಾರೆ. ರಂಗದ ಮೇಲೆ ಈಗಷ್ಟೇ ಹಾಡಲು ಆರಂಭಿಸಿರುವ ನನ್ನ ಅಕ್ಕನ ಮಗಳಿಗೆ ಅಲ್ಲಿಂದ ಒಂದು ಪೇಟಿ ಕೊಂಡು ವರ್ಷದ ಮೇಲಾಯಿತು. ಆ ಪೇಟಿ ಇಷ್ಟರಲ್ಲಿ ಬೆಳಗಾವಿ ಸೀಮೆಯ ಒಂದು ಮಳೆಗಾಲವನ್ನು ದಾಟಿದೆ, ಜಾತ್ರೆಯ ಹಂಗಾಮಿನಲ್ಲಿ ಊರೂರು ಸುತ್ತಿದೆ, ಒಮ್ಮೆ ಶ್ರುತಿ ಕೂಡಿಸಲು ಮತ್ತೆ ಅಂಗಡಿಗೂ ಹೋಗಿ ಬಂದಿದೆ. ಕೊಂಡ ಮರುದಿನದ ಸಂಭ್ರಮದಲ್ಲಿ ಬರೆಯುವುದಕ್ಕಿಂತ ಈಗ ಬರೆದರೆ ಓದುವವರಿಗೆ ಹೆಚ್ಚು ಉಪಯೋಗವಾದೀತು ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯ ಗುಣ ತಿಳಿಯಬೇಕಾದರೆ ಹುಡುಗಿ ಹಾಡಿಗೆ ಬಂದ ಬಗೆಯನ್ನು ಸ್ವಲ್ಪ ಹೇಳಬೇಕು. ನಮ್ಮ ಊರು ಗೋಕಾಕ ತಾಲ್ಲೂಕಿನಲ್ಲಿದೆ. ಶ್ರೀಕೃಷ್ಣ ಪಾರಿಜಾತ ಎಂಬ ಹಾಡುಗಳಿಂದ ತುಂಬಿದ ಜನಪದ ಆಟವನ್ನು ರಂಗಕ್ಕೆ ಒಗ್ಗಿಸಿ ಊರೂರಿಗೆ ಹಬ್ಬಿಸಿದ ಕುಲಗೋಡ ತಮ್ಮಣ್ಣನದು ಇದೇ ಸೀಮೆ. ಗಂಡಸರೇ ತುಂಬಿದ್ದ ಆ ಆಟದಲ್ಲಿ ಮುಂದೆ ಕೌಜಲಗಿ ನಿಂಗಮ್ಮನಂತಹ ಹೆಣ್ಣುಮಗಳು ಹೆಸರು ಮಾಡಿದ್ದೂ ಇಲ್ಲಿಯೇ. ಆದ್ದರಿಂದ ನಮ್ಮಲ್ಲಿ ಮಕ್ಕಳಿಗೆ ಪಾರಿಜಾತದ ಹಾಡುಗಳನ್ನು ಯಾರೂ ಕೂಡಿಸಿಕೊಂಡು ಕಲಿಸುವುದಿಲ್ಲ. ಹೊಲದಲ್ಲಿ ಕಳೆ ತೆಗೆಯುವಾಗ, ರಾತ್ರಿ ಭಜನೆ ಮುಗಿದ ಮೇಲೆ, ಮದುವೆಯ ಹಂದರದ ಕೆಳಗೆ ಅವು ತಾವಾಗಿ ಕಿವಿಗೆ ಬೀಳುತ್ತವೆ. ಈ ಹುಡುಗಿಯೂ ಅಜ್ಜಿಯ ಮಗ್ಗುಲಲ್ಲಿ ಕುಳಿತು ಸೋಮವಾರದ ಭಜನೆಯಲ್ಲಿ ದನಿಗೂಡಿಸುತ್ತ, ಶಾಲೆಯ ಗ್ಯಾದರಿಂಗಿನಲ್ಲಿ ಸತ್ಯಭಾಮೆಯ ಸಿಟ್ಟಿನ ಹಾಡು ಹಾಡಿ ಚಪ್ಪಾಳೆ ಗಿಟ್ಟಿಸುತ್ತ, ಕಡೆಗೆ ಊರಿನ ಪಾರಿಜಾತ ಮೇಳದವರ ಕಣ್ಣಿಗೆ ಬಿದ್ದಳು. ಮೊದಲು ಹಿಮ್ಮೇಳದಲ್ಲಿ ಕೂಡಿಸಿಕೊಂಡರು. ‘ಮುಂದಿನ ಹಂಗಾಮಿಗೆ ರುಕ್ಮಿಣಿ ಪಾತ್ರ ಕೊಡೋಣ, ಅಷ್ಟರಲ್ಲಿ ದನಿ ಹದಕ್ಕೆ ಬರಲಿ’ ಎಂದು ಭಾಗವತರು ಮಾತು ಕೊಟ್ಟರು. ಆಗ ಅವಳಿಗೆ ಹನ್ನೆರಡು ವರ್ಷ.

ದನಿ ಹದಕ್ಕೆ ಬರಬೇಕಾದರೆ ಮನೆಯಲ್ಲಿ ಒಂದು ಪೇಟಿ ಇರಬೇಕೆಂದು ಅವಳ ತಂದೆ ಆನ್‌ಲೈನಿನಲ್ಲಿ ಒಂದನ್ನು ತರಿಸಿದ್ದರು. ನೋಡಲು ಮಿರಮಿರ ಮಿಂಚುತ್ತಿತ್ತು. ಮುಂದಿನ ಫಲಕದ ಮೇಲೆ ನವಿಲಿನ ಚಿತ್ರವೂ ಇತ್ತು. ಬಂದ ಕೆಲವೇ ತಿಂಗಳಲ್ಲಿ ಎರಡು ಮನೆಗಳು (ಬೆರಳಿನಿಂದ ಒತ್ತುವ ಪಟ್ಟಿಗಳು) ಒತ್ತಿದರೆ ಮೇಲೆ ಏಳದಾದವು, ಭಾತಾ, ಅಂದರೆ ಗಾಳಿ ತುಂಬುವ ತಿದಿ, ಸೋರತೊಡಗಿತು. ಅವೆಲ್ಲ ಕಣ್ಣಿಗೆ ಕಾಣುವ ದೋಷಗಳಾದ್ದರಿಂದ ಹೇಗೋ ಸರಿಪಡಿಸಬಹುದಿತ್ತು. ಕಾಣದೆ ಉಳಿದಿದ್ದ ದೋಷ ಇವೆಲ್ಲಕ್ಕಿಂತ ದೊಡ್ಡದು. ಆ ಪೇಟಿಯ ಶ್ರುತಿಯೇ ಒಂದಕ್ಕೊಂದು ಕೂಡಿರಲಿಲ್ಲ. ಹುಡುಗಿಯ ಕಿವಿ ಚುರುಕಾಗಿದ್ದರಿಂದ ವಾದ್ಯ ಎಲ್ಲಿ ಜಾರುತ್ತಿತ್ತೋ ಅವಳ ದನಿಯೂ ಅಲ್ಲಿಯೇ ಜಾರುವುದನ್ನು ಕಲಿತುಬಿಟ್ಟಿತ್ತು. ಮೇಳದ ಪೇಟಿ ಮಾಸ್ತರರು ಇದನ್ನು ಮೊದಲು ಗುರುತಿಸಿದರು. ಎಲ್ಲ ಹಾಡುಗಳಲ್ಲಿಯೂ ಗಾಂಧಾರ, ನಿಷಾದಗಳು ಒಂದೇ ರೀತಿ ಕೆಳಗೆ ಇಳಿಯುತ್ತಿವೆ, ಇದು ಹುಡುಗಿಯ ತಪ್ಪಲ್ಲ, ಮನೆಯ ಪೇಟಿಯನ್ನು ಒಮ್ಮೆ ತೋರಿಸಿರಿ ಎಂದು ಅವರೇ ಶಹಾಪುರದ ಅಂಗಡಿಯ ಗುರುತು ಹೇಳಿದರು.

ಅಂಗಡಿ ಒಂದೇ ಕೋಣೆಯದು. ಬಾಗಿಲ ಬಲಕ್ಕೆ ಕೆಲಸದ ಮಣೆ, ಅದರ ಮೇಲೆ ಚಿಮಟ, ಸಣ್ಣ ಅರಗಳು, ತೆಳುವಾದ ಹಿತ್ತಾಳೆ ಪಟ್ಟಿ, ಬನಾತಿನ ಚೂರುಗಳು. ಗೋಡೆಯುದ್ದಕ್ಕೂ ಮೂರು ಸಾಲಿನಲ್ಲಿ ಪೇಟಿಗಳು. ಒಂದು ಮೂಲೆಯಲ್ಲಿ ಕಂಪನಿ ನಾಟಕದ ಕಾಲದ ಕಾಲುಪೇಟಿಯೊಂದು ಬಟ್ಟೆ ಹೊದ್ದು ನಿಂತಿದೆ. ಅದು ಮಾರಾಟಕ್ಕಿಲ್ಲ. ಅಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಅವರ ಮಗ ಹಣಕಾಸು ಮತ್ತು ಬಾಡಿಗೆಯ ವ್ಯವಹಾರ ನೋಡಿಕೊಳ್ಳುತ್ತಾರೆ, ಶ್ರುತಿಯ ಕೆಲಸಕ್ಕೆ ಮಾತ್ರ ಈಗಲೂ ಅಜ್ಜನೇ ಕೂಡಬೇಕು.

ನಾವು ತಂದಿದ್ದ ಪೇಟಿಯನ್ನು ಅವರು ಮಣೆಯ ಮೇಲಿಟ್ಟು ಭಾತಾ ಪೂರ್ತಿ ತುಂಬಿಸಿ, ಯಾವ ಮನೆಯನ್ನೂ ಒತ್ತದೆ ಕೈ ಬಿಟ್ಟರು. ಚೆನ್ನಾಗಿರುವ ವಾದ್ಯದಲ್ಲಿ ಗಾಳಿ ಬಹಳ ಹೊತ್ತು ನಿಲ್ಲಬೇಕು. ನಮ್ಮದರಲ್ಲಿ ಭಾತಾ ನೋಡನೋಡುತ್ತಲೇ ಮಡಚಿಕೊಂಡಿತು. ಆಮೇಲೆ ಮೇಲಿನ ಹಲಗೆ ತೆಗೆದು, ರೀಡುಗಳ, ಅಂದರೆ ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಲೋಹದ ನಾಲಿಗೆಗಳ, ಸಾಲನ್ನು ಬೆಳಕಿಗೆ ಹಿಡಿದು ನನಗೂ ಹುಡುಗಿಗೂ ತೋರಿಸಿದರು. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಕೆರೆಯುವಾಗ ನಾಲಿಗೆಯ ಕೆಳಗೆ ತೆಳುವಾದ ಪಟ್ಟಿ ಕೊಟ್ಟು, ಕೂದಲೆಳೆಯಷ್ಟು ಕೆರೆದು, ಮತ್ತೆ ನುಡಿಸಿ ಕೇಳಿ, ಮತ್ತೆ ಕೆರೆಯಬೇಕು. ನಮ್ಮ ಪೇಟಿಯ ರೀಡುಗಳ ಮೇಲೆ ಅರದ ಗೀರುಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ಕೆಲವು ರೀಡುಗಳು ತುದಿಯಲ್ಲಿಯೂ ಬುಡದಲ್ಲಿಯೂ ಸವೆದು ಇನ್ನು ಕೆರೆಯಲು ಲೋಹವೇ ಉಳಿದಿರಲಿಲ್ಲ. ಇದಕ್ಕೆ ಖರ್ಚು ಮಾಡುವುದು ವ್ಯರ್ಥ ಎಂದು ಅವರು ನೇರವಾಗಿ ಹೇಳಿದರು. ದುರಸ್ತಿಯ ಹೆಸರಿನಲ್ಲಿ ಎರಡು ಮೂರು ಸಾವಿರ ರೂಪಾಯಿ ತೆಗೆದುಕೊಂಡು ಕಳುಹಿಸಬಹುದಾಗಿದ್ದ ಗಿರಾಕಿಗೆ ಹೀಗೆ ಹೇಳುವ ಅಂಗಡಿಕಾರರು ಎಲ್ಲ ಕಡೆ ಸಿಗುವುದಿಲ್ಲ.

ಹೊಸದನ್ನು ತೋರಿಸಿರಿ ಎಂದಾಗ ಅವರು ಗೋಡೆಯ ಕಡೆ ತಿರುಗಲಿಲ್ಲ, ಹುಡುಗಿಯ ಕಡೆ ತಿರುಗಿದರು. “ತಂಗೀ, ಪೇಟಿ ಆಮ್ಯಾಲ ನೋಡೂಣು. ಮೊದಲ ನೀ ಒಂದು ಹಾಡ ಅನ್ನು.” ಅವಳು ಮೇಳದಲ್ಲಿ ಹಾಡುವ ಎತ್ತರಕ್ಕೇ ಹಾಡಿದಳು. ಒಂದು ನುಡಿ ಮುಗಿಯುವುದರೊಳಗೆ ಅವರು ಕೈ ಎತ್ತಿದರು. “ಇಷ್ಟ ಮ್ಯಾಲ ಯಾಕ ಹಿಡದಿ ಯವ್ವಾ?” “ಮ್ಯಾಳದಾಗ ಎಲ್ಲಾರೂ ಅಲ್ಲೇ ಹಾಡ್ತಾರ್ರೀ ಅಜ್ಜಾರ.” “ಅವರ ಕೊಳ್ಳು ಅವರದು, ನಿನ್ನ ಕೊಳ್ಳು ನಿನ್ನದು.”

ಮುಂದೆ ಅವರು ಮಾಡಿದ ಕೆಲಸವನ್ನು ಸಂಗೀತ ಶಾಲೆಗಳೂ ಇಷ್ಟು ತಾಳ್ಮೆಯಿಂದ ಮಾಡುವುದನ್ನು ನಾನು ಹೆಚ್ಚು ಕಂಡಿಲ್ಲ. ಒಂದು ಪೇಟಿಯನ್ನು ಎದುರಿಗಿಟ್ಟುಕೊಂಡು ಬಿಳಿ ನಾಲ್ಕರಿಂದ (ಸಪ್ತಕದ ನಾಲ್ಕನೆಯ ಬಿಳಿ ಮನೆ) ಆರಂಭಿಸಿ ಒಂದೊಂದೇ ಮನೆ ಬದಲಿಸುತ್ತ, ಪ್ರತಿ ಬಾರಿಯೂ ಆಧಾರ ಸ್ವರವಾದ ಷಡ್ಜ ಹಿಡಿಯಿಸಿ, ಕೆಳಗೆ ಮಂದ್ರ ಪಂಚಮದವರೆಗೆ ಇಳಿಸಿ, ಮೇಲೆ ತಾರ ಮಧ್ಯಮದವರೆಗೆ ಏರಿಸಿ ಕೇಳಿದರು. ಕೆಳಗೆ ದನಿ ಅಡಗಬಾರದು, ಮೇಲೆ ಚೀರಬಾರದು; ಎರಡೂ ಕಡೆ ಸಲೀಸಾಗಿ ತಲುಪುವ ಮನೆ ಯಾವುದೋ ಅದೇ ಆ ಮಗುವಿನ ಶ್ರುತಿ. ಕಡೆಗೆ ಕೆಳಗಿನ ಸಪ್ತಕದ ಕಪ್ಪು ಐದರಲ್ಲಿ ನಿಂತರು. ಅಲ್ಲಿ ಅವಳು ಅದೇ ರುಕ್ಮಿಣಿಯ ಹಾಡನ್ನು ಮತ್ತೆ ಹಾಡಿದಾಗ ಕತ್ತಿನ ನರಗಳು ಉಬ್ಬಲಿಲ್ಲ, ಮಾತುಗಳು ಬಿಡಿಬಿಡಿಯಾಗಿ ಕೇಳಿಸಿದವು. ಬಾಗಿಲಲ್ಲಿ ನಿಂತಿದ್ದ ಅವಳ ತಾಯಿಗೆ ಮಗಳ ದನಿ ಇಷ್ಟು ಮೃದುವಾಗಿದೆ ಎಂಬುದು ಅಂದೇ ಗೊತ್ತಾಯಿತು.

ಇದರ ಮಹತ್ವ ಅರಿಯಲು ನಮ್ಮ ಭಾಗದ ಕಲಾವಿದರ ಆರಂಭದ ದಿನಗಳನ್ನು ನೆನೆಯಬೇಕು. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಎಂಬ ಬಾಲಕ, ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಹಾಗೆಹಾಗೆಯೇ ಹಾಡಿ ತೋರಿಸುತ್ತಿದ್ದ. ಆ ಅಚ್ಚರಿಗೇ ಮಠದ ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂಬ ಹೆಸರು ಕೊಟ್ಟರು. ಜನ ಮುಗಿಬಿದ್ದು ಕೇಳುತ್ತಿದ್ದ ಆ ಹುಡುಗನನ್ನು ಹನ್ನೊಂದು ಹನ್ನೆರಡರ ಹೊತ್ತಿಗೆ ಮುಂಬೈಗೆ ಕಳುಹಿಸಿ ಸಂಗೀತ ಗುರು ಬಿ. ಆರ್. ದೇವಧರರ ಮುಂದೆ ಕೂಡಿಸಿದ್ದರಿಂದ, ಇತರರ ಗಾಯನವನ್ನು ಒಪ್ಪಿಸುತ್ತಿದ್ದ ದನಿಗೆ ತನ್ನದೇ ದಾರಿ ಸಿಕ್ಕಿತು. ಚಪ್ಪಾಳೆ ಮೊದಲು ಬರುತ್ತದೆ, ಕಲಿಕೆ ಆಮೇಲೆ ಬರಬೇಕಾಗುತ್ತದೆ. ಎಳೆಯ ಕಲಾವಿದರ ಬದುಕಿನಲ್ಲಿ ಈ ಎರಡರ ನಡುವಿನ ಸಮಯವೇ ನಾಜೂಕಾದದ್ದು. ಆ ಹೊತ್ತಿನಲ್ಲಿ ಮಗುವಿನ ಕೊರಳನ್ನು ಕೇಳುವವರು ಯಾರಾದರೂ ಇರಬೇಕು.

ಕಂಪನಿ ನಾಟಕಗಳ ಕಾಲದಲ್ಲಿ ಆ ಕೆಲಸವನ್ನು ಪೇಟಿ ಮಾಸ್ತರರು ಮಾಡುತ್ತಿದ್ದರು. 1914ರಲ್ಲಿ ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ಹಳ್ಳಿಯ ಆಟ ಮತ್ತು ಭಜನೆಗಳ ನಡುವೆ ಬೆಳೆದು, ಚಿಕ್ಕ ವಯಸ್ಸಿಗೇ ಕಂಪನಿ ಸೇರಿ, ಸ್ತ್ರೀಪಾತ್ರಗಳಲ್ಲಿ ಹೆಸರಾಗಿ, ಮುಂದೆ ತಾವೇ ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿದರು. 2017ರಲ್ಲಿ ತೀರಿಕೊಂಡಾಗ ಅವರಿಗೆ 103 ವರ್ಷ. ಅವರ ಪೀಳಿಗೆಯ ಹುಡುಗರಿಗೆ ಕಂಪನಿಯೇ ಮನೆ, ಕಂಪನಿಯೇ ಶಾಲೆ. ಬೆಳಗಿನ ತಾಲೀಮಿನಲ್ಲಿ ಹುಡುಗನ ದನಿ ಒಡೆಯುತ್ತಿದೆಯೋ, ಎತ್ತರಕ್ಕೆ ಹೋಗಿ ಬಳಲುತ್ತಿದೆಯೋ ಎಂದು ಗಮನಿಸಲು ಪೇಟಿಯ ಹಿಂದೆ ಒಬ್ಬ ಹಿರಿಯ ಕೂತಿರುತ್ತಿದ್ದ. ಬಾಗಲಕೋಟೆ ಜಿಲ್ಲೆಯ ಬೀಳಗಿಯಿಂದ ಹೊರಟು ಹಿಂದಿ ಚಿತ್ರಗಳಲ್ಲಿ ಗಾಯಕಿಯಾಗಿ, ನಟಿಯಾಗಿ ಬೆಳೆದ ಅಮೀರಬಾಯಿ ಕರ್ನಾಟಕಿ ಮತ್ತು ಮರಾಠಿ ರಂಗನಟ ಬಾಲಗಂಧರ್ವರ ಕಂಪನಿಯಲ್ಲಿ ನಾಯಕಿಯಾದ ಅವರ ಅಕ್ಕ ಗೋಹರಬಾಯಿಯವರಿಗೂ ಸಂಗೀತ ಮತ್ತು ರಂಗದ ಹಿನ್ನೆಲೆಯೇ ಮೊದಲ ಆಸರೆ. ಈಗಿನ ಮಕ್ಕಳಿಗೆ ಅಂತಹ ನಿತ್ಯದ ಕಾವಲಿಲ್ಲ. ಮೊಬೈಲಿನಲ್ಲಿ ಬೇರೆಯವರ ಶ್ರುತಿಗೆ ಹಾಡಿ, ರೀಲ್ಸ್ ಮಾಡಿ, ಟಿವಿ ಸ್ಪರ್ಧೆಯ ಆಯ್ಕೆಗೆ ಓಡುವ ಮಗುವಿಗೆ ತನ್ನ ಷಡ್ಜ ಯಾವುದೆಂದೇ ತಿಳಿದಿರುವುದಿಲ್ಲ. ಶಹಾಪುರದ ಈ ಅಂಗಡಿಯಲ್ಲಿ ಪೇಟಿ ಕೊಳ್ಳಲು ಬಂದ ಮಗುವಿಗೆ ಮೊದಲು ಸಿಗುವುದು ಅದೇ ಕಾವಲು. ನಾನು ಇದನ್ನು ಬರೆಯಲು ಮುಖ್ಯ ಕಾರಣವೂ ಅದೇ.

ಬೆಳಗಾವಿಯಲ್ಲಿ ಇಂತಹ ಅಂಗಡಿ ಉಳಿದಿರುವುದು ಆಕಸ್ಮಿಕವೇನಲ್ಲ. ಶಹಾಪುರ ಸ್ವಾತಂತ್ರ್ಯಕ್ಕೆ ಮುಂಚೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಪೇಟೆ. ತಂಬೂರಿ, ಸಿತಾರ್‌ಗಳಿಗೆ ಹೆಸರಾದ ಮಿರಜ ರೈಲಿನಲ್ಲಿ ಕೆಲವೇ ತಾಸಿನ ದಾರಿ. ಮರಾಠಿ ಸಂಗೀತ ನಾಟಕಕ್ಕೆ ರೂಪು ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, 1917ರಲ್ಲಿ ಕಾಗವಾಡದಲ್ಲಿ ಹುಟ್ಟಿ 2010ರವರೆಗೆ ಬಾಳಿದ ಪಂಡಿತ ರಾಮಭಾವು ವಿಜಾಪುರೆಯವರು ಈ ನಗರದಲ್ಲಿ ಕೂತು ತಲೆಮಾರುಗಳ ಶಿಷ್ಯರಿಗೆ ಹಾರ್ಮೋನಿಯಂ ಕಲಿಸಿದರು. ಆಕಾಶವಾಣಿಯು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಸ್ವರಗಳ ನಡುವಿನ ಸೂಕ್ಷ್ಮ ಶ್ರುತಿಗಳು ಹಿಡಿಯುವುದಿಲ್ಲ ಎಂದು 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು 1971ರವರೆಗೂ ಆ ನಿಷೇಧವನ್ನು ಸಡಿಲಿಸದಿದ್ದಾಗ, ಪೇಟಿಯನ್ನು ಬಿಡದೆ ಹಿಡಿದವರು ಇಂತಹ ಗುರುಗಳು, ನಾಟಕದವರು, ಭಜನೆಯವರು. ನುಡಿಸುವವರು ಇದ್ದುದರಿಂದ ದುರಸ್ತಿ ಮಾಡುವವರೂ ಉಳಿದರು.

ಇನ್ನು ಕೊಂಡ ಪೇಟಿಯ ವಿಷಯ. ನಾವು ಮೂರೂವರೆ ಸಪ್ತಕದ, 42 ಮನೆಗಳ ದೊಡ್ಡ ಪೇಟಿ ಕೇಳಿದ್ದೆವು. ಅವರು ಮೂರೂಕಾಲು ಸಪ್ತಕದ, 39 ಮನೆಗಳದನ್ನು ಕೊಟ್ಟರು. ದೊಡ್ಡದರ ಮುಂದೆ ಹುಡುಗಿ ಪದ್ಮಾಸನದಲ್ಲಿ ಕುಳಿತಾಗ ಎಡಗೈ ಭಾತಾಕ್ಕೆ ಚಾಚಿ ಭುಜ ಮೇಲೆದ್ದಿತು, ಹಾಡುವಾಗ ಉಸಿರು ಅಲ್ಲಿಯೇ ಸಿಕ್ಕಿಕೊಳ್ಳುತ್ತಿತ್ತು. ಚಿಕ್ಕದರಲ್ಲಿ ಆ ತೊಂದರೆ ಕಾಣಲಿಲ್ಲ. ಸ್ಕೇಲ್ ಚೇಂಜರ್ ಇರುವುದನ್ನು ಮಾರಲು ಅವರು ಒಪ್ಪಲೇ ಇಲ್ಲ. ಒಂದು ಗುಂಡಿ ಸರಿಸಿದರೆ ಶ್ರುತಿ ಬದಲಾಗುವ ಪೇಟಿಯಲ್ಲಿ ಕಲಿತ ಮಗು ಒಂದೇ ಬೆರಳಿಡುವಿಕೆಗೆ ಒಗ್ಗಿಬಿಡುತ್ತದೆ, ನಾಳೆ ಮೇಳದ ಸಾದಾ ಪೇಟಿ ಎದುರಿಗೆ ಬಂದರೆ ಕೈ ಕಟ್ಟಿಹಾಕಿದಂತಾಗುತ್ತದೆ ಎಂಬುದು ಅವರ ವಾದ. ನನಗೂ ಅದು ಸರಿ ಎನಿಸಿತು. ಮೇಲಾಗಿ ಆ ಯಂತ್ರದಿಂದ ತೂಕವೂ ಬೆಲೆಯೂ ಏರುತ್ತವೆ, ರಿಪೇರಿಯೂ ಕಷ್ಟ.

ರೀಡುಗಳು ಗುಜರಾತಿನ ಪಾಲಿಟಾಣಾದವು, ಕೆಳದನಿಯ ಖರ್ಜ ಮತ್ತು ನಡುದನಿಯ ನರ ಎಂಬ ಎರಡು ಸಾಲು. ಮಾದಿ ಸಾಲಿನ ತೀಕ್ಷ್ಣ ದನಿ ಎಳೆಯ ಕೊರಳನ್ನು ಮುಚ್ಚಿಬಿಡುತ್ತದೆ ಎಂದು ಅದನ್ನು ಬೇಡವೆಂದರು. ಮೈ ಸಾಗವಾನಿಯದು, ಚಿತ್ತಾರವಿಲ್ಲ. ಮನೆಗಳನ್ನು ಒತ್ತಿದರೆ ಕೆಳಗೆ ಬನಾತು ಇರುವುದರಿಂದ ಟಕಟಕ ಸದ್ದು ಬರುವುದಿಲ್ಲ. ಮನೆ ಮೇಲೇಳುವಾಗ ಬೆರಳಿಗೆ ಹಗುರವಾದ ಒಂದು ಎತ್ತು ಸಿಗುತ್ತದೆ, ಅದರಿಂದ ಮಗುವಿಗೆ ತಾನಾಗಿ ಬೆರಳು ಬಿಡುವ ಲಯ ಬರುತ್ತದೆ. ದನಿ ಹೊರಬರಲು ಬಹಳ ಗಾಳಿ ಬೇಡ. ಕೆಳದನಿಯಲ್ಲಿ ನುಡಿಸಿದಾಗಲೂ ಸ್ವರ ನಡುಗುವುದಿಲ್ಲ. ಹೊಸ ಪೇಟಿಯ ಬೆಲೆ 18,500 ರೂಪಾಯಿ ಹೇಳಿದರು, 18,000ಕ್ಕೆ ಕೊಟ್ಟರು. ಇದೇ ಅಳತೆಯ ಹಳೆಯ ಪೇಟಿಗಳನ್ನು ಹೊಸ ತೊಗಲು, ಹೊಸ ಬನಾತು ಹಾಕಿ 10,000 ರೂಪಾಯಿಯ ಆಸುಪಾಸಿಗೆ ಮಾರುತ್ತಾರೆ. ಅವುಗಳಲ್ಲಿ ಎರಡನ್ನು ನಾನು ನುಡಿಸಿ ನೋಡಿದೆ. ಒಂದರ ದನಿ ನಾವು ಕೊಂಡದ್ದಕ್ಕಿಂತ ತುಂಬಾಗಿತ್ತು, ಆದರೆ ಅದನ್ನು ಯಾರೋ ಆಗಲೇ ಮಾತಾಡಿ ಹೋಗಿದ್ದರು. ಕೈ ಬಿಗಿಯಿರುವವರು ಹಳೆಯದನ್ನೇ ಕೇಳಬೇಕು ಎಂದು ನನ್ನ ಸಲಹೆ.

ಶ್ರುತಿ ಕೂಡಿಸುವ ಬಗ್ಗೆ ಒಂದು ಮಾತು. ಒಂದೇ ಷಡ್ಜಕ್ಕೆ ಶುದ್ಧವಾಗಿ ಕೂಡಿಸುವ ‘ಗಾಂಧಾರ ಟ್ಯೂನಿಂಗ್’ ಬೇಕೇ ಎಂದು ನಾನು ವಿಚಾರಿಸಿದ್ದೆ. ಸಾಮಾನ್ಯ ಪೇಟಿಯ ಗಾಂಧಾರವು ತಂಬೂರಿಯಿಂದ ಹೊಮ್ಮುವ ಗಾಂಧಾರಕ್ಕಿಂತ ತುಸು ಏರಿರುತ್ತದೆ. ಹನ್ನೆರಡು ಮನೆಗಳನ್ನು ಸಮ ಅಂತರದಲ್ಲಿ ಹಂಚಿರುವುದರಿಂದ ಅದು ತಪ್ಪದು. ಬರಿಯ ಶಾಸ್ತ್ರೀಯ ಸಂಗೀತ ಕಲಿಯುವ, ಒಂದೇ ಶ್ರುತಿಗೆ ಹಾಡುವ ಮಗುವಿಗೆ ಆ ಟ್ಯೂನಿಂಗ್ ಮಾಡಿಕೊಡುತ್ತಾರಂತೆ. ಮೇಳದಲ್ಲಿ ಬೇರೆ ಬೇರೆ ಪಾತ್ರಧಾರಿಗಳಿಗೆ ಬೇರೆ ಬೇರೆ ಮನೆಯಿಂದ ನುಡಿಸಬೇಕಾದ್ದರಿಂದ ನಮಗೆ ಅದು ಹೊಂದುವುದಿಲ್ಲವೆಂದು ಸಾಮಾನ್ಯ ಟ್ಯೂನಿಂಗನ್ನೇ ಉಳಿಸಿ, ಬೆಳಗಿನ ಸ್ವರಸಾಧನೆಯನ್ನು ಮಾತ್ರ ತಂಬೂರಿಗೆ ಮಾಡಿರಿ, ಪೇಟಿಗೆ ಬೇಡ ಎಂದರು. ತಮ್ಮ ಸರಕಿನ ಮಿತಿಯನ್ನು ತಾವೇ ತಿಳಿಸಿದ ಈ ಮಾತು ನನಗೆ ಬಹಳ ಹಿಡಿಸಿತು. ಹುಡುಗಿ ಈಗ ಮೊಬೈಲಿನ ತಂಬೂರಿ ಹಚ್ಚಿಕೊಂಡು ಬೆಳಿಗ್ಗೆ ಷಡ್ಜ ಹಿಡಿಯುತ್ತಾಳೆ, ಸಂಜೆ ಪೇಟಿಯೊಂದಿಗೆ ಹಾಡು ಕಲಿಯುತ್ತಾಳೆ. ಗಾಂಧಾರ, ನಿಷಾದಗಳ ಜಾರುವಿಕೆ ನಿಲ್ಲಲು ದೀಪಾವಳಿಯವರೆಗೂ ಬೇಕಾಯಿತು.

ಮೆಚ್ಚುಗೆಯಷ್ಟೇ ಸ್ಪಷ್ಟವಾಗಿ ಕೊರತೆಗಳನ್ನೂ ಹೇಳಬೇಕು. ಅಂಗಡಿ ರಸ್ತೆಯ ಮೇಲೆಯೇ ಇರುವುದರಿಂದ ಹಾರ್ನ್‌ಗಳ ನಡುವೆ ವಾದ್ಯ ಕೇಳುವುದು ಕಷ್ಟ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೋದರೆ ಸ್ವಲ್ಪ ಶಾಂತಿ ಸಿಗುತ್ತದೆ. ಪೇಟಿಯೊಂದಿಗೆ ಕೊಡುವ ಚೀಲ ಏನೇನೂ ಸಾಲದು. ಬಸ್ಸಿನಲ್ಲಿ ಓಡಾಡುವವರಿಗೆ ಒಳಗೆ ಮೆತ್ತೆಯಿರುವ ಗಟ್ಟಿ ಪೆಟ್ಟಿಗೆ ಬೇಕು, ಅದನ್ನು ನಾವು ಬೇರೆ ಕಡೆ ಮಾಡಿಸಬೇಕಾಯಿತು. ಗಣೇಶ ಚತುರ್ಥಿಗೆ ಮುಂಚಿನ ವಾರಗಳಲ್ಲಿ ಮತ್ತು ಬನದ ಹುಣ್ಣಿಮೆಯ ಜಾತ್ರೆಗಳ ಕಾಲದಲ್ಲಿ ಅಲ್ಲಿ ರಿಪೇರಿಗೆ ಕೊಟ್ಟರೆ ಹೇಳಿದ ದಿನಕ್ಕೆ ಸಿಗುವ ಭರವಸೆಯಿಲ್ಲ, ಏಕೆಂದರೆ ಆಗ ಬಾಡಿಗೆಯ ಪೇಟಿಗಳ ಕೆಲಸವೇ ಅವರ ಕೈ ತುಂಬಿರುತ್ತದೆ. ರಸೀದಿ ಕೈಬರಹದ್ದು, ಕೇಳಿದರೆ ಮಾತ್ರ ಕೊಡುತ್ತಾರೆ. ಕೇಳಿ ತೆಗೆದುಕೊಳ್ಳಿರಿ.

ನನಗೆ ಒಪ್ಪಿಗೆಯಾಗದ ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಕಳಪೆ ಪೇಟಿ ತಂದವರಿಗೆ ಅಜ್ಜ ಬಹಳ ಖಡಕ್ಕಾಗಿ ಮಾತನಾಡುತ್ತಾರೆ. ನಮ್ಮ ಹಳೆಯ ಪೇಟಿಯನ್ನು ತೋರಿಸಿ, “ಇದನ್ನ ಮಾರಬ್ಯಾಡ್ರಿ, ಯಾರಿಗೂ ದಾನಾನೂ ಕೊಡಬ್ಯಾಡ್ರಿ, ಇನ್ನೊಂದು ಹುಡುಗರ ಕಿವಿ ಕೆಡತೈತಿ” ಎಂದರು. ಮಾತು ಸತ್ಯವೇ. ಆದರೆ ನಾವಿದ್ದಾಗಲೇ ಬಂದಿದ್ದ ಒಬ್ಬ ಕೂಲಿಯ ತಂದೆ ಇಂತಹದೇ ಮಾತು ಕೇಳಿ ಮಗನ ಪೇಟಿಯನ್ನು ಹೊತ್ತುಕೊಂಡು ಹಿಂದಿರುಗಿದ್ದನ್ನು ನಾನು ನೋಡಿದೆ. ಆ ಹುಡುಗ ಹಾಡುತ್ತಾನೋ, ನುಡಿಸುತ್ತಾನೋ ಯಾರೂ ಕೇಳಲಿಲ್ಲ. ಹೊಸದು ಕೊಳ್ಳಲಾರದ ಮನೆಯ ಮಕ್ಕಳಿಗೆ ಇದೇ ಅಂಗಡಿಯಲ್ಲಿ ದಾರಿಯಿದೆ: ಕಲಿಯುವ ಮಕ್ಕಳಿಗೆ ತಿಂಗಳ ಬಾಡಿಗೆಯ ಮೇಲೆ ಪೇಟಿ ಕೊಡುತ್ತಾರೆ, ಮುಂದೆ ಕೊಂಡರೆ ಬಾಡಿಗೆಯ ಸ್ವಲ್ಪ ಭಾಗವನ್ನು ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ, ಅವರ ಮಗನ ಬಾಯಿಂದ. ಈ ವ್ಯವಸ್ಥೆಯನ್ನು ಒಂದು ಹಲಗೆಯ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದರೆ ಎಷ್ಟೋ ಮಕ್ಕಳಿಗೆ ಉಪಕಾರವಾಗುತ್ತದೆ ಎಂದು ಅವರಿಗೆ ಹೇಳಿದ್ದೇನೆ, ಇನ್ನೂ ಹಾಕಿಲ್ಲ. ಓದುವವರು ತಾವಾಗಿಯೇ ಕೇಳಿ ತಿಳಿದುಕೊಳ್ಳಬೇಕು.

ಮಾರಿದ ಮೇಲಿನ ಸೇವೆಯಲ್ಲಿ ದೂರಲು ಏನೂ ಇಲ್ಲ. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಕಟ್ಟಿಗೆ ಉಬ್ಬಿ ಒಂದು ಮನೆ ಹಿಡಿದುಕೊಂಡಾಗ ಫೋನಿನಲ್ಲಿಯೇ ಉಪಾಯ ಹೇಳಿದರು: ಪೇಟಿಯನ್ನು ನೆಲದ ಮೇಲಿಡದೆ ಮಣೆಯ ಮೇಲಿಡಬೇಕು, ಬಿಸಿಲಿಗೂ ಒಲೆಯ ಹತ್ತಿರಕ್ಕೂ ಒಯ್ಯಬಾರದು, ನುಡಿಸಿ ಮುಗಿದ ಮೇಲೆ ಭಾತಾ ಮುಚ್ಚಿ ಕೊಂಡಿ ಹಾಕಬೇಕು, ತೊಗಲನ್ನು ಇಲಿ, ಜಿರಲೆ ಕಡಿಯದಂತೆ ಹತ್ತಿರದಲ್ಲಿ ತಿಂಡಿತಿನಿಸು ಇಡಬಾರದು. ಮಳೆ ನಿಂತ ಮೇಲೆ ಮನೆ ತಾನಾಗಿಯೇ ಬಿಟ್ಟುಕೊಂಡಿತು. ವರ್ಷದೊಳಗಿನ ಮೊದಲ ಶ್ರುತಿ ಕೂಡಿಸುವಿಕೆಗೆ ಹಣ ತೆಗೆದುಕೊಳ್ಳುವುದಿಲ್ಲ. ಹೊಸ ರೀಡುಗಳು ಕೆಲವು ತಿಂಗಳ ಬಳಕೆಯಲ್ಲಿ ಸಡಿಲಗೊಂಡು ತಮ್ಮ ಜಾಗದಲ್ಲಿ ಕೂಡುವವರೆಗೆ ಶ್ರುತಿ ಸ್ವಲ್ಪ ಆಚೀಚೆ ಆಗುವುದು ಸಹಜ; ಆ ಒಂದು ಭೇಟಿಯನ್ನು ಯಾರೂ ತಪ್ಪಿಸಬಾರದು.

ಆ ಭೇಟಿಯ ಹೊತ್ತಿಗೆ ಹುಡುಗಿ ರುಕ್ಮಿಣಿಯಾಗಿ ರಂಗವೇರಿದ್ದಳು. ಭಾಗವತರು ಅವಳ ಹಾಡುಗಳಿಗೆ ಮಾತ್ರ ಶ್ರುತಿ ಇಳಿಸಲು ಮೊದಮೊದಲು ಒಪ್ಪಿರಲಿಲ್ಲ. ನಡುವೆ ಶ್ರುತಿ ಬದಲಾದರೆ ಆಟದ ಕಾವು ಇಳಿಯುತ್ತದೆ ಎಂಬುದು ಅವರ ಅಳುಕು. ಪೇಟಿ ಮಾಸ್ತರರು ತಾವೇ ಹೊಣೆ ಹೊತ್ತು, ಕೃಷ್ಣನ ಮಾತು ಮುಗಿದು ರುಕ್ಮಿಣಿಯ ಹಾಡು ಎತ್ತುವ ನಡುವಿನ ತಬಲಾದ ಹೊತ್ತಿನಲ್ಲಿ ಕಪ್ಪು ಐದಕ್ಕೆ ಸರಿದುಕೊಂಡರು. ನಾರದ ತಂದ ಪಾರಿಜಾತ ಹೂವು ತನ್ನ ಮುಡಿಗೇರಿದಾಗ ರುಕ್ಮಿಣಿ ಹಾಡುವ ಹಾಡು ಹಿಂದಿನ ಸಾಲಿನವರೆಗೂ ಮಾತು ಮಾತಾಗಿ ಕೇಳಿಸಿತು. ಬೆಳಗಿನ ಜಾವ ಆಟ ಮುಗಿದಾಗಲೂ ಅವಳ ದನಿ ಕಟ್ಟಿರಲಿಲ್ಲ. ಹಿಂದಿನ ವರ್ಷ ಹಿಮ್ಮೇಳದಲ್ಲಿ ಕೂತ ಮೇಲೆ ಎರಡು ದಿನ ಮಾತನಾಡಲು ಆಗದಂತಾಗಿತ್ತು. ಅಂಗಡಿಗೆ ಹೋದಾಗ ಇದನ್ನು ಹೇಳಿದೆವು. ಅಜ್ಜ ಹೊಗಳಲಿಲ್ಲ. ಮತ್ತೆ ಷಡ್ಜ ಹಿಡಿಯಿಸಿ, ಕೆಳಗೆ ಮೇಲೆ ಓಡಾಡಿಸಿ ಕೇಳಿ, ಇನ್ನೊಂದೆರಡು ವರ್ಷ ಪೇಟಿ ನುಡಿಸುತ್ತ ರಂಗದಲ್ಲಿ ಹಾಡುವ ಸಾಹಸ ಬೇಡ, ಹಾಡುವಾಗ ಕೈ ಅಭಿನಯಕ್ಕಿರಲಿ, ಪೇಟಿ ಮಾಸ್ತರರ ಕಡೆ ಇರಲಿ ಎಂದರು.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಮಗುವನ್ನು ಬಿಟ್ಟು ಒಬ್ಬರೇ ಹೋಗಬೇಡಿರಿ, ಹೋದರೆ ಅಜ್ಜ ಪೇಟಿ ತೋರಿಸುವುದಿಲ್ಲ. ಮಗು ನಿತ್ಯ ಹಾಡುವ ಒಂದು ಹಾಡನ್ನು ಪೂರ್ತಿ ಬರುವಂತೆ ಸಿದ್ಧಮಾಡಿಕೊಂಡು ಹೋಗಿರಿ. ಸಿನಿಮಾ ಹಾಡಾದರೂ ಅವರಿಗೆ ಬೇಸರವಿಲ್ಲ. ಗಂಡುಹುಡುಗರಾಗಿದ್ದು ಹದಿಮೂರು ಹದಿನಾಲ್ಕರ ಆಸುಪಾಸಿನವರಾದರೆ ದನಿ ಒಡೆಯುವ ಕಾಲ ಮುಗಿಯುವವರೆಗೆ ಕೊಳ್ಳುವ ಬದಲು ಬಾಡಿಗೆಗೆ ತರುವುದು ಒಳ್ಳೆಯದು, ಏಕೆಂದರೆ ಶ್ರುತಿ ಎಲ್ಲಿ ನಿಲ್ಲುತ್ತದೆಂದು ಆಗ ಹೇಳಲಾಗದು. ಹೋಗಲು ಒಳ್ಳೆಯ ಕಾಲವೆಂದರೆ ದೀಪಾವಳಿ ಮುಗಿದು ಜಾತ್ರೆಗಳು ಆರಂಭವಾಗುವ ಮುಂಚಿನ ವಾರಗಳು: ಮಳೆಯ ತೇವ ಆರಿರುತ್ತದೆ, ಕೆಲಸದ ಒತ್ತಡ ಕಡಿಮೆಯಿರುತ್ತದೆ, ಅಜ್ಜನಿಗೆ ಒಂದು ಮಗುವಿನ ಮುಂದೆ ಅರ್ಧ ತಾಸು ಕೂಡಲು ಪುರಸೊತ್ತಿರುತ್ತದೆ. ಸಂಗೀತದ ತಿಳಿವಳಿಕೆ ಇರುವ ಹಿರಿಯರು ತಮಗಾಗಿ ಒಳ್ಳೆಯ ಸ್ಕೇಲ್ ಚೇಂಜರ್ ಹುಡುಕುತ್ತಿದ್ದರೆ ಇಲ್ಲಿ ಆಯ್ಕೆ ಕಡಿಮೆ, ಅವರು ಪುಣೆಯ ಅಂಗಡಿಗಳನ್ನು ನೋಡುವುದು ಮೇಲು.